ಹೊಸ ಪಟಕ್ಕೆ ಹಳೆಯ ವೇಷ

ಇತ್ತೀಚೆಗೆ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಹೊಸ ಅಭಿರುಚಿಯು ಹಬ್ಬಿಕೊಂಡಿರುವುದನ್ನು ವಾಚಕರು ಗಮನಿಸಿಯೇ ಇರುವರು. ನಿನ್ನೆ ಮೊಬೈಲಿನಲ್ಲಿ ತೆಗೆದ ಭಾವಚಿತ್ರದಿಂದ ಮೊದಲು ಬಣ್ಣವನ್ನು ಕಳೆಯುವರು, ಕಪ್ಪನ್ನು ತೆಳುಮಾಡಿ ಬೂದಿಯಾಗಿಸುವರು, ಬಿಳುಪಿಗೆ ಕಂದು ಛಾಯೆಯನ್ನು ಕೊಡುವರು, ಮರಳನ್ನು ಎರಚಿದಂತೆ ಕಣಗಳನ್ನು ಹರಡಿ, ನಾಲ್ಕು ಮೂಲೆಗಳನ್ನು ಮಬ್ಬುಗೊಳಿಸಿ, ಕಡೆಗೆ ಗೀರು, ಕಲೆ, ಮಡಿಕೆ, ಹರಿದ ಅಂಚು ಇವುಗಳನ್ನೂ ಸೇರಿಸಿ, "ಎಷ್ಟು ಹಳೆಯದಾಗಿ ಕಾಣುತ್ತದೆ ನೋಡಿ!" ಎಂದು ಸಂತೋಷಪಡುವರು. ಮದುವೆಯ ಆಮಂತ್ರಣದಲ್ಲಿ, ಷಷ್ಟ್ಯಬ್ದಿಯ ಸ್ಮರಣಸಂಚಿಕೆಯಲ್ಲಿ, ನಡುಮನೆಯ ಗೋಡೆಯ ಮೇಲೆ ಇಂತಹ ಪಟಗಳು ಈಗ ಎಲ್ಲೆಲ್ಲಿಯೂ ಕಾಣಬರುತ್ತಿವೆ. ಈ ಪದ್ಧತಿಯು ಅಜ್ಞಾನಮೂಲವಾದುದೆಂದೂ, ನಮ್ಮ ಮನೆಗಳಲ್ಲಿ ಉಳಿದಿರುವ ನಿಜವಾದ ಹಳೆಯ ಪಟಗಳ ಸಾಕ್ಷ್ಯವನ್ನೇ ಇದು ಕೆಡಿಸುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸತಕ್ಕದ್ದುಂಟು. ಕಪ್ಪುಬಿಳುಪಿನ ಪಟದ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಬಣ್ಣವು ಕಣ್ಣನ್ನು ಸೀರೆಯ ಅಂಚಿಗೂ ಗೋಡೆಯ ಸುಣ್ಣಕ್ಕೂ ಎಳೆಯುವಾಗ, ಅದನ್ನು ನಿವಾರಿಸಿ ಮುಖದ ಮೇಲಣ ಬೆಳಕು ನೆರಳುಗಳನ್ನೇ ತೋರಿಸುವುದು ಉಚಿತವಾದ ಕಾರ್ಯ. ಬೆಳಕು ಸಾಲದೆಡೆಯಲ್ಲಿ ಹೆಚ್ಚಿಸುವುದೂ ಮಿತಿಮೀರಿದೆಡೆಯಲ್ಲಿ ತಗ್ಗಿಸುವುದೂ ಸಂಸ್ಕಾರವೇ. ಕಾಮಸೂತ್ರಕ್ಕೆ ಜಯಮಂಗಳಾ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರದ ಆರು ಅಂಗಗಳಲ್ಲಿ ಸಾದೃಶ್ಯವನ್ನು ಎಣಿಸಿರುವಂತೆ ಲಾವಣ್ಯಯೋಜನವನ್ನೂ ಎಣಿಸಿರುವನು. ಆದುದರಿಂದ ಪಟಕ್ಕೆ ಚೆಲುವನ್ನು ಕೂಡಿಸುವುದು ದೋಷವಲ್ಲ. ಇಲ್ಲದ ವಯಸ್ಸನ್ನು ಕೂಡಿಸುವುದೇ ದೋಷ. ಒಂದು ಸಂಸ್ಕಾರ, ಮತ್ತೊಂದು ವೇಷ.

ಇವರು ಅನುಕರಿಸುವ ಹಳತನವಾದರೂ ಎಂತಹುದು? ಕಂದು ಬಣ್ಣವೆಂದರೆ ಮುಪ್ಪಿನ ಚಿಹ್ನೆಯೆಂದು ಇವರ ತಿಳಿವಳಿಕೆ. ವಸ್ತುಸ್ಥಿತಿಯು ಇದಕ್ಕೆ ತೀರ ವಿರುದ್ಧವಾಗಿದೆ. ಸೀಪಿಯಾ ಎಂಬ ಹೆಸರು ಮಸಿಯನ್ನು ಚಿಮ್ಮುವ ಒಂದು ಕಡಲ ಜೀವಿಯಿಂದ ಬಂದುದು. ಛಾಯಾಚಿತ್ರದಲ್ಲಿ ಆ ಬಣ್ಣವನ್ನು ತಂದುದು ಗಂಧಕ. ಪಟದಲ್ಲಿ ಬಿಂಬವನ್ನು ಹೊತ್ತಿರುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಅವು ಕಾಲಾಂತರದಲ್ಲಿ ಗಾಳಿಗೂ ತೇವಕ್ಕೂ ಕೆಡತಕ್ಕವು. ಅವನ್ನು ಗಂಧಕದೊಡನೆ ಕೂಡಿಸಿ ಬೆಳ್ಳಿಯ ಸಲ್ಫೈಡನ್ನಾಗಿ ಮಾರ್ಪಡಿಸಿದರೆ ಬಣ್ಣವು ಕಂದಾಗುವುದು, ಬಾಳಿಕೆಯೂ ಹೆಚ್ಚುವುದು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರನು ಬಳಕೆಗೆ ತಂದ ಮೊಟ್ಟೆಯ ಬಿಳಿಯ ಲೇಪದ ಕಾಗದವನ್ನು ಚಿನ್ನದ ಲವಣದ ದ್ರಾವಣದಲ್ಲಿ ಅದ್ದುತ್ತಿದ್ದುದು ಬಣ್ಣಕ್ಕಾಗಿಯೂ ಹೌದು, ಬಾಳಿಕೆಗಾಗಿಯೂ ಹೌದು. ಅಂತಹ ಪಟವು ಹೊಸದಾಗಿ ಕೈಸೇರಿದಾಗ ನೇರಳೆ ಬೆರೆತ ಗಾಢವಾದ ಕಂದು ಬಣ್ಣದಿಂದ ಕೂಡಿ ಸ್ವಚ್ಛವಾಗಿಯೇ ಇತ್ತು. ಮೊಟ್ಟೆಯ ಬಿಳಿ ಹಳದಿಗಟ್ಟಿದುದು, ಸರಿಯಾಗಿ ತೊಳೆಯದೆ ಉಳಿದ ಹೈಪೋ ಬಿಂಬವನ್ನು ತಿಂದುದು, ಮಳೆಗಾಲದಲ್ಲಿ ಬೂಷ್ಟು ಹಿಡಿದುದು, ಇವೆಲ್ಲವೂ ಆಮೇಲೆ ತಗುಲಿದ ರೋಗಗಳು. ಹಿಂದಿನವರು ದೀರ್ಘಾಯುಸ್ಸಿಗೆ ಔಷಧವಾಗಿ ಕೊಟ್ಟುದನ್ನು ನಾವು ಮುಪ್ಪಿನ ಲಕ್ಷಣವೆಂದು ಬಳಿಯುತ್ತಿರುವೆವು. ತಾತನ ಪಟದ ಕಲೆಯನ್ನು ತೆಗೆಸುವುದಕ್ಕೆ ಹಣ ಕೊಟ್ಟು, ಅದೇ ಅಂಗಡಿಯಲ್ಲಿ ಮೊಮ್ಮಗನ ಪಟಕ್ಕೆ ಕಲೆಯನ್ನು ಹಾಕಿಸುವುದಕ್ಕೂ ಹಣ ಕೊಡುವ ಗೃಹಸ್ಥನ ವಿವೇಕವನ್ನು ಏನೆಂದು ಹೊಗಳೋಣ!

ಹಳೆಯ ಪಟಗಳ ನಿಜವಾದ ವೈಶಿಷ್ಟ್ಯವಿರುವುದು ಅವು ಬಣ್ಣಗಳನ್ನು ಗ್ರಹಿಸಿದ ರೀತಿಯಲ್ಲಿ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಒದ್ದೆ ಗಾಜಿನ ಫಲಕವು ನೀಲಿ ನೇರಳೆಗಳನ್ನಲ್ಲದೆ ಇತರ ಬಣ್ಣಗಳನ್ನು ಬಹುಮಟ್ಟಿಗೆ ಅರಿಯದು. ಫಲಕದ ಲೇಪಕ್ಕೆ ಬಣ್ಣದ ದ್ರವ್ಯವನ್ನು ಸೇರಿಸಿ ಹಸುರು ಹಳದಿಗಳನ್ನೂ ಕಾಣಿಸುವ ಮಾರ್ಗವನ್ನು ಹರ್ಮನ್ ಫೋಗೆಲನು ಕಂಡುಹಿಡಿದುದು 1873ರಲ್ಲಿ. ಕೆಂಪನ್ನೂ ಒಳಗೊಂಡು ಎಲ್ಲ ಬಣ್ಣಗಳನ್ನು ಗ್ರಹಿಸುವ ಫಲಕಗಳು ಮಾರಾಟಕ್ಕೆ ಬಂದುದು 1906ರಲ್ಲಿ. ಆದುದರಿಂದಲೇ ಆ ಹಳೆಯ ಫಲಕಗಳ ಪಟಗಳಲ್ಲಿ ನಮ್ಮ ಮುತ್ತಜ್ಜಿಯರ ಹಣೆಯ ಕುಂಕುಮವು ಅಚ್ಚಕಪ್ಪಾಗಿ ಎದ್ದು ನಿಲ್ಲುವುದು. ಅರಿಸಿನದ ಕೆನ್ನೆಯು ಕಪ್ಪಿಡುವುದು. ಮುಖದ ಒಂದೊಂದು ಗೆರೆಯೂ ತೋರುವುದು. ಈಗಿನವರಾದರೋ, ಮೈಬಣ್ಣವು ನಯವಾಗಿಯೂ ಬೆಳ್ಳಗೂ ಕಾಣಲೆಂದು ಬಣ್ಣವನ್ನು ಕಳೆಯುವಾಗ ಕೆಂಪಿನ ಭಾಗವನ್ನೇ ಬೆಳಗಿಸುವರು. ಅದರ ಫಲವಾಗಿ ಕುಂಕುಮವು ಹಣೆಯ ಬಣ್ಣದಲ್ಲಿ ಕರಗಿಹೋಗುವುದು. ಬೊಟ್ಟಿಟ್ಟುಕೊಂಡು ಕುಳಿತ ತಾಯಿಯನ್ನು ಬರಿಯ ಹಣೆಯವಳನ್ನಾಗಿ ಮಾಡಿ, ಮೇಲೆ ಒಂದು ಹಿಡಿ ಧೂಳನ್ನು ಚೆಲ್ಲಿ, ಇದು ಹಿಂದಿನವರ ರೀತಿಯೆಂದು ಹೇಳುವುದಕ್ಕಿಂತ ಹೆಚ್ಚಿನ ಅಪಚಾರ ಯಾವುದು? ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಪಟವನ್ನು ನೋಡಿ, ಕಿವಿಯಲ್ಲಿ ಮುಡಿದ ಶಿರೀಷ ಪುಷ್ಪವನ್ನು ಇನ್ನೂ ಬರೆಯಲಿಲ್ಲವೆಂದು ನೆನೆದುಕೊಳ್ಳುವನು. ಪ್ರೀತಿಪಾತ್ರರ ಚಿತ್ರವನ್ನು ನೋಡತಕ್ಕ ಕಣ್ಣು ಅದು.

ಇಲ್ಲಿ ಪೂರ್ವಪಕ್ಷಿಗಳು ಕೇಳಬಹುದು: "ಹಿಂದಿನ ಸ್ಟುಡಿಯೋಗಳಲ್ಲಿ ತಿದ್ದುತ್ತಿರಲಿಲ್ಲವೆ? ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಸುಕ್ಕುಗಳನ್ನು ಮರೆಸುತ್ತಿರಲಿಲ್ಲವೆ? ಪಟಕ್ಕೆ ಕೈಯಿಂದ ಬಣ್ಣ ಹಚ್ಚುತ್ತಿರಲಿಲ್ಲವೆ?" ಎಂದು. ಹೌದು, ತಿದ್ದುತ್ತಿದ್ದರು. ಮೇಲೆ ಹೇಳಿದಂತೆ ಫಲಕವು ಗೆರೆಗಳನ್ನು ಅತಿಯಾಗಿ ತೋರಿಸುತ್ತಿದ್ದುದರಿಂದ ಪೆನ್ಸಿಲು ಬೇಕಾಯಿತು. ಫಲಕವು ಬಣ್ಣವನ್ನು ಕೊಡಲಾರದುದರಿಂದ ಕುಂಚ ಬೇಕಾಯಿತು. ಅವರು ಮುಖವನ್ನು ತಿದ್ದಿದರೇ ಹೊರತು ಕಾಲವನ್ನು ತಿದ್ದಲಿಲ್ಲ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಭಾವಚಿತ್ರಗಳಿಂದ ಕೀರ್ತಿವಂತಳಾದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಯು ಮುಖಗಳನ್ನು ಬೇಕೆಂದೇ ಮೃದುವಾಗಿ ತೆಗೆದಳು. ಎದುರಿಗೆ ಕುಳಿತವರಿಗೆ ಹಳೆಯ ಕಥೆಗಳ ಪಾತ್ರಗಳ ವೇಷವನ್ನೂ ಹಾಕಿಸಿದಳು. ಆದರೆ ಪಟಕ್ಕೆ ಮುಪ್ಪಿನ ವೇಷವನ್ನು ಹಾಕಲಿಲ್ಲ.

"ಇದೆಲ್ಲ ವಿನೋದಕ್ಕೆ ಮಾಡಿದ್ದು, ಯಾರಿಗೇನು ನಷ್ಟ?" ಎಂಬುದು ಎರಡನೆಯ ಆಕ್ಷೇಪ. ನಷ್ಟವು ಸಣ್ಣದಲ್ಲ. ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವಂತೆ, ಬಣ್ಣವನ್ನೂ ಕಲೆಯನ್ನೂ ಕಂಡು ಪಟದ ಕಾಲವನ್ನು ಊಹಿಸುವೆವು. ಅಗ್ನಿಯಿಲ್ಲದೆಡೆಯಲ್ಲಿ ಧೂಮವನ್ನೆಬ್ಬಿಸುವ ವಿದ್ಯೆಯು ಮನೆಮನೆಗೂ ಬಂದರೆ ಆ ಹೇತುವು ಹೇತ್ವಾಭಾಸವಾಗಿ, ನಿಜವಾದ ಧೂಮವನ್ನೂ ಯಾರೂ ನಂಬದಂತಾಗುವುದು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದನ್ನೂ, ರೈಸರು ಅವುಗಳ ಪರವಾಗಿ ನಿಂತುದನ್ನೂ ನಾಡಿನ ಚರಿತ್ರೆಯನ್ನು ಓದಿದವರು ಬಲ್ಲರು. ಕೂಟವೊಂದು ಸೇರಿದರೆ ಸಾಚಾ ಶಾಸನವೂ ಕಟಕಟೆಯಲ್ಲಿ ನಿಲ್ಲಬೇಕಾಗುವುದು. ಅರಸರಿಗಾದರೆ ಶಿಲೆಯೂ ತಾಮ್ರವೂ ಉಂಟು. ಶಾನುಭೋಗನ ಮನೆಗೆ, ನೇಕಾರನ ಮನೆಗೆ, ಮೇಷ್ಟರ ಮನೆಗೆ ಗೋಡೆಯ ಮೇಲಣ ಪಟವೇ ಶಾಸನ. ಹಿಂದೆ ಪಟವನ್ನು ಅಂಟಿಸಿದ ರಟ್ಟಿನ ಮೇಲೆ ಸ್ಟುಡಿಯೋದ ಹೆಸರೂ ಊರೂ ಅಚ್ಚಾಗಿರುತ್ತಿದ್ದುವು. ಹಿಂಬದಿಯಲ್ಲಿ ಹಿರಿಯರ ಕೈಬರಹವಿರುತ್ತಿತ್ತು. ಮೊಬೈಲಿನ ಪಟಕ್ಕೆ ಹಿಂಬದಿಯೇ ಇಲ್ಲ. ಅದರೊಳಗೆ ಅಡಗಿರುವ ದಿನಾಂಕವೂ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಕಳಚಿಹೋಗುವುದು. ಪಂಚೆ, ಕರಿಯ ಕೋಟು, ಪೇಟಗಳಿಂದ ಕೂಡಿದ ಒಂದು ಕಂದು ಪಟವನ್ನು ಐವತ್ತು ವರ್ಷಗಳ ತರುವಾಯ ಮರಿಮಗಳು ಎತ್ತಿಕೊಂಡು, ಇವರು ಮುತ್ತಜ್ಜನೋ ಅಥವಾ ಷಷ್ಟ್ಯಬ್ದಿಯ ದಿನ ವೇಷ ತೊಟ್ಟ ಅಜ್ಜನೋ ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಯಾರಿರುವರು? ಕೂಟಶಾಸನ ಮಾಡಿದವರಿಗೆ ಮನುವು ದಂಡವನ್ನು ವಿಧಿಸಿರುವನು. ಇದಕ್ಕೆ ದಂಡ ಬೇಡ. ಸ್ವಲ್ಪ ಲಜ್ಜೆ ಸಾಕು.

ಹಾಗಾದರೆ ಮಾಡತಕ್ಕದ್ದೇನು? ತಿದ್ದುವುದಕ್ಕೆ ಮುಂಚೆ ಮೂಲ ಪಟದ ಪ್ರತಿಯೊಂದನ್ನು ಮುಟ್ಟದೆ ಬೇರೆಯಾಗಿ ಇಡತಕ್ಕದ್ದು. ಅಚ್ಚು ಹಾಕಿಸಿದ ಪಟದ ಹಿಂದೆ ಹೆಸರು, ಊರು, ಇಸವಿಗಳನ್ನು ಮೃದುವಾದ ಪೆನ್ಸಿಲಿನಲ್ಲಿ ಬರೆಯತಕ್ಕದ್ದು. ಸ್ಮರಣಸಂಚಿಕೆಗಳ ಸಂಪಾದಕರು, ನಮ್ಮ ಸಂಘದವರೂ ಸೇರಿ, ಹಳೆಯ ರೀತಿಯಲ್ಲಿ ಸಂಸ್ಕರಿಸಿದ ಈಗಿನ ಪಟವೆಂಬ ಒಂದು ಸಾಲಿಲ್ಲದೆ ಅಂತಹುದನ್ನು ಅಚ್ಚು ಮಾಡಬಾರದು. ಹಿಂದಿನವರ ಗಾಂಭೀರ್ಯವು ನಿಜವಾಗಿ ಬೇಕೆನ್ನುವವರು ಕಿಟಕಿಯ ಒಂದೇ ಬದಿಯ ಬೆಳಕಿನಲ್ಲಿ, ಬರಿಯ ಬಟ್ಟೆಯ ಹಿನ್ನೆಲೆಯ ಮುಂದೆ, ಅಲುಗಾಡದೆ ಕುಳಿತುಕೊಳ್ಳಲಿ. ಬಣ್ಣವನ್ನು ಕಳೆಯುವಾಗ ಕೆಂಪನ್ನು ತಗ್ಗಿಸಿ ನೀಲಿಯ ಭಾಗವನ್ನು ಹೆಚ್ಚಿಸಲಿ. ಕಪ್ಪು ಕಪ್ಪಾಗಿಯೂ ಬಿಳುಪು ಬಿಳುಪಾಗಿಯೂ ಇರಲಿ. ಆಗ ಕುಂಕುಮವೂ ಉಳಿಯುವುದು, ಮುಖದ ಗೆರೆಗಳೂ ಉಳಿಯುವುವು. ಕಲೆ ಬೀಳಿಸುವ ಕೆಲಸವನ್ನು ಕಾಲಪುರುಷನು ತಾನೇ ಮಾಡಿಕೊಳ್ಳುವನು. ಅದರಲ್ಲಿ ಅವನಿಗೆ ನಮ್ಮ ಸಹಾಯವು ಬೇಕಾಗಿಲ್ಲ.