ಬೆಟ್ಟದ ಮೇಲ್ಮಣ್ಣು: ಲೆಕ್ಕಪುಸ್ತಕಕ್ಕೆ ಸೇರದ ಬಂಡವಾಳ

ಮೂಲ ಬಂಡವಾಳವನ್ನೇ ಕರಗಿಸಿ, ಬಂದ ಹಣವನ್ನು ಲಾಭವೆಂದು ಬರೆದುಕೊಳ್ಳುವವನನ್ನು ಯಾವ ಪೇಟೆಯಲ್ಲೂ ಜಾಣ ವ್ಯಾಪಾರಿಯೆಂದು ಕರೆಯುವುದಿಲ್ಲ. ಆದರೆ ಸಂಡೂರು ಬೆಟ್ಟಸಾಲಿನ ವಿಷಯದಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ವಾಣಿಜ್ಯ ಲೋಕವು ಹಲವು ದಶಕಗಳಿಂದ ಇದೇ ಬಗೆಯ ಲೆಕ್ಕ ಬರೆಯುತ್ತ ಬಂದಿದೆ. ಅದಿರಿಗೆ ಟನ್ನಿನ ಲೆಕ್ಕವಿದೆ, ರಾಜಧನವಿದೆ, ಪರ್ಮಿಟ್ ಇದೆ, ತೂಕದ ಚೀಟಿ ಇದೆ. ಅದಿರಿನ ಮೇಲಿದ್ದ ಗೇಣುದ್ದದ ಮಣ್ಣಿಗೆ, ಆ ಮಣ್ಣನ್ನು ಹಿಡಿದು ನಿಂತಿದ್ದ ಹುಲ್ಲಿಗೆ, ಪೊದೆಗೆ, ಮರಕ್ಕೆ ಮಾತ್ರ ಯಾವ ಖಾತೆಯೂ ತೆರೆದಿಲ್ಲ.

ಇದು ಪರಿಸರವಾದಿಗಳ ಕಾಳಜಿಯಷ್ಟೇ ಎಂದು ಭಾವಿಸುವ ವರ್ತಕರು 2011ನೇ ಇಸವಿಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಆ ವರ್ಷ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆದೇಶ ವಿಸ್ತರಿಸಿತು. ಅರಣ್ಯ ಒತ್ತುವರಿ ಮತ್ತು ಪರಿಸರ ಹಾನಿಯೇ ಆ ಆದೇಶಕ್ಕೆ ಮುಖ್ಯ ಕಾರಣ. ಆದರೆ ಅದರ ಪೆಟ್ಟು ಬಿದ್ದದ್ದು ಗಣಿ ಗುತ್ತಿಗೆದಾರರ ಮೇಲೆ ಮಾತ್ರವಲ್ಲ. ಸಾಲ ಮಾಡಿ ಒಂದೆರಡು ಲಾರಿ ಕೊಂಡವರು, ಟೈರು ಮತ್ತು ಬಿಡಿಭಾಗಗಳ ಅಂಗಡಿಯವರು, ಗ್ಯಾರೇಜಿನವರು, ಬಾಡಿ ಕಟ್ಟುವವರು, ಖಾನಾವಳಿಯವರು, ಇವರೆಲ್ಲರ ವಹಿವಾಟು ಕೆಲವೇ ವಾರಗಳಲ್ಲಿ ಕುಸಿಯಿತು. ಬೆಟ್ಟದಿಂದ ಹೆಚ್ಚು ಗಳಿಸಿದವರು ಬೇರೆ, ಬೆಟ್ಟ ಕೆಟ್ಟಾಗ ದಂಡ ತೆತ್ತವರು ಬೇರೆ. ಆದುದರಿಂದ ಬೆಟ್ಟದ ಮಣ್ಣಿನ ಲೆಕ್ಕ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಸಣ್ಣ ವರ್ತಕನಿಗೇ ಇದೆ.

ಮಣ್ಣು ತೆಳು, ಕೆಲಸ ದೊಡ್ಡದು

ಸಂಡೂರಿನ ಸಾಲು ಧಾರವಾಡ ಶಿಲಾವರ್ಗಕ್ಕೆ ಸೇರಿದ ಅತಿ ಪುರಾತನ ಬೆಟ್ಟಗಳು. ಕಬ್ಬಿಣದ ಅಂಶ ತುಂಬಿದ ಪಟ್ಟೆಪಟ್ಟೆ ಕಲ್ಲು, ಅದರ ಮೇಲೆ ಜಂಬಿಟ್ಟಿಗೆಯ ಗಟ್ಟಿ ಹೊದಿಕೆ, ಅದರ ಮೇಲೆ ಗರಸು ಬೆರೆತ ತೆಳುವಾದ ಕೆಂಪು ಮಣ್ಣು; ಇದು ಇಲ್ಲಿನ ಇಳಿಜಾರುಗಳ ಸಾಮಾನ್ಯ ರಚನೆ. ಹಂಪಿಯ ಕಡೆಗೆ ಬಂದರೆ ಕಲ್ಲು ಬೇರೆ, ಮಣ್ಣೂ ಬೇರೆ. ಅಲ್ಲಿ ಗ್ರಾನೈಟ್ ಬಂಡೆಗಳ ಸಂದಿಗಳಲ್ಲಿ ನಿಂತ ಮರಳು ಮಿಶ್ರಿತ ಮಣ್ಣಿನಲ್ಲಿ ಗಿಡಗಳು ಬೇರು ಬಿಟ್ಟಿವೆ.

ಈ ತೆಳು ಮಣ್ಣಿನ ಮೇಲೆ ಬೆಳೆದಿರುವುದು ಮಲೆನಾಡಿನಂತಹ ದಟ್ಟ ಕಾಡಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಒಣ ಕಾಡು ಮತ್ತು ಕುರುಚಲು ಕಾಡು. ದಿಂಡಿಗ, ಕಮರ, ತುಗ್ಗಲಿ, ಕಗ್ಗಲಿ, ಕಕ್ಕೆ ಮರಗಳು. ಅವುಗಳ ಕೆಳಗೆ ಬಂದರಿಕೆ, ತಂಗಡಿ, ಕವಳೆ, ಬಾರೆ, ಸೀತಾಫಲದ ಗಿಡಗಳು. ಎಲ್ಲಕ್ಕಿಂತ ಕೆಳಗೆ ಹುಲ್ಲು. ಏಪ್ರಿಲ್ ತಿಂಗಳಿನಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೋಗುವವರಿಗೆ ಇದು ಬೋಳು ಬೆಟ್ಟವೆಂದೇ ತೋರಬಹುದು. ಸೆಪ್ಟೆಂಬರಿನಲ್ಲಿ ಅದೇ ದಾರಿಯಲ್ಲಿ ಹೋದವರು ಹಸಿರನ್ನು ಕಂಡು ಬೆರಗಾಗುತ್ತಾರೆ. ಮೂರು ಸಾವಿರ ಅಡಿಗೂ ಎತ್ತರದ ರಾಮನದುರ್ಗವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಇಂತಹ ಕಾಡು ಮಾಡುವ ಕೆಲಸವನ್ನು ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅದು ಉಗ್ರಾಣದ ಕೆಲಸ. ಕಡಿಮೆ ದಿನಗಳಲ್ಲಿ ರಭಸವಾಗಿ ಸುರಿಯುವ ಮಳೆಯನ್ನು ಎಲೆಗಳು ತಡೆಯುತ್ತವೆ. ಉದುರಿದ ತರಗೆಲೆ ಆ ನೀರನ್ನು ಹೀರುತ್ತದೆ. ಗೆದ್ದಲು, ಇರುವೆ, ಎರೆಹುಳುಗಳು ಕೊರೆದ ರಂಧ್ರಗಳಲ್ಲಿ ನೀರು ಒಳಗಿಳಿಯುತ್ತದೆ. ಹುಲ್ಲಿನ ಜಾಳಿಗೆಯಂತಹ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಮರದ ಬೇರು ಕಲ್ಲಿನ ಬಿರುಕಿನೊಳಗೆ ನುಗ್ಗಿ ನೀರಿಗೆ ದಾರಿ ಮಾಡಿಕೊಡುತ್ತದೆ. ಬೇರಿನೊಂದಿಗೆ ಬೆಸೆದುಕೊಂಡು ಬಾಳುವ ಶಿಲೀಂಧ್ರಗಳು ಬಡ ಮಣ್ಣಿನಿಂದಲೂ ರಂಜಕವನ್ನು ಹುಡುಕಿ ಗಿಡಕ್ಕೆ ಒದಗಿಸುತ್ತವೆ. ಹೀಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಗ್ರಹವಾದ ನೀರು ಕೆಳಗಿನ ಹಳ್ಳಗಳಿಗೆ, ಬಾವಿಗಳಿಗೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ಒಂದು ಸೆಂಟಿಮೀಟರ್ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅದು ಕೊಚ್ಚಿಹೋಗಲು ಗಿಡ ಕಿತ್ತ ಇಳಿಜಾರಿನಲ್ಲಿ ಒಂದೆರಡು ಮಳೆಗಾಲ ಸಾಕು. ಒಂದು ಹೆಕ್ಟೇರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದು ಹತ್ತು ಘನಮೀಟರ್, ಅಂದರೆ ಸುಮಾರು ಒಂದು ದೊಡ್ಡ ಟಿಪ್ಪರ್ ತುಂಬುವಷ್ಟು. ಕಾಗದದ ದಪ್ಪಕ್ಕಿಂತ ತುಸು ಹೆಚ್ಚೆನಿಸುವ ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೆಳಗಿನ ಕೆರೆಯಲ್ಲಿ ಮಾತ್ರ ಕಾಣುತ್ತದೆ.

ಹೂಳಿನ ಬಿಲ್ಲು ಯಾರಿಗೆ?

ಸಂಡೂರು ಕಣಿವೆಯ ನೀರನ್ನು ಹೊರಗೆ ಒಯ್ಯುವುದು ನಾರಿಹಳ್ಳ. ಅದಕ್ಕೆ ತಾರಾನಗರದ ಬಳಿ ಜಲಾಶಯವಿದೆ. ಮುಂದೆ ಅದೇ ಹಳ್ಳ ದರೋಜಿಯ ದೊಡ್ಡ ಕೆರೆಗೆ ಸೇರುತ್ತದೆ. ಬೆಟ್ಟದ ಮಣ್ಣು ಸಡಿಲವಾದರೆ ಮೊದಲು ಹೂಳು ತುಂಬುವುದು ಇಲ್ಲಿ, ಮೊದಲು ಕೆಂಪು ಪುಡಿ ಹರಡುವುದು ಬೆಟ್ಟದ ತಪ್ಪಲಿನ ಹೊಲಗಳಲ್ಲಿ.

ತುಂಗಭದ್ರಾ ಜಲಾಶಯದ ಕಥೆಯನ್ನು ಮಾತ್ರ ಎಚ್ಚರದಿಂದ ಹೇಳಬೇಕು. ಅಣೆಕಟ್ಟು ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಈ ಹೂಳೆಲ್ಲ ಸಂಡೂರಿನ ಗಣಿಗಳದ್ದೇ ಎನ್ನುವುದು ಸರಿಯಲ್ಲ. ಜಲಾಶಯದ ಜಲಾನಯನ ಪ್ರದೇಶ 28,000 ಚದರ ಕಿಲೋಮೀಟರಿಗೂ ಹೆಚ್ಚು. ಮೇಲ್ಭಾಗದ ಕೃಷಿಭೂಮಿ, ಕಡಿದ ಕಾಡು, ಅಗೆದ ಗುಡ್ಡ ಎಲ್ಲದರ ಮಣ್ಣೂ ಅಲ್ಲಿಗೇ ಬಂದು ಸೇರುತ್ತದೆ. ಆದರೆ ಆ ಜಲಾಶಯ ಕಲಿಸುವ ಪಾಠ ಒಂದೇ: ಒಮ್ಮೆ ಕೆಳಗಿಳಿದ ಮಣ್ಣನ್ನು ಮೇಲಕ್ಕೆ ಹೊತ್ತೊಯ್ಯುವ ವೆಚ್ಚವನ್ನು ಯಾವ ಸರ್ಕಾರವೂ ಭರಿಸಲಾರದು. ಹೂಳು ತೆಗೆಯುವ ಮಾತು ಬಿಟ್ಟು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಬಂದಿರುವುದೇ ಇದಕ್ಕೆ ಸಾಕ್ಷಿ. ಕಳೆದುಹೋದ ಸುಮಾರು 27 ಟಿಎಂಸಿ ಅಡಿ ನೀರಿನ ಜಾಗವೆಂದರೆ ಕಂಪ್ಲಿಯ ಭತ್ತ, ಕಬ್ಬು, ಬಾಳೆ. ಅವುಗಳ ಹಿಂದೆ ನಿಂತಿರುವ ಅಕ್ಕಿ ಗಿರಣಿ, ಆಲೆಮನೆ, ಗೊಬ್ಬರದ ಅಂಗಡಿ, ದಲಾಲಿ ಮಂಡಿ.

ಹಂಪಿಯ ಪ್ರವಾಸೋದ್ಯಮವೂ ಇದರಿಂದ ಹೊರತಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಪಕ್ಕದಲ್ಲೇ 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾಯಿತು. ಕರಡಿ ಬದುಕುವುದು ಗೆದ್ದಲಿನ ಮೇಲೆ, ಕವಳೆ ಮತ್ತು ಬಾರೆ ಹಣ್ಣಿನ ಮೇಲೆ, ಜೇನಿನ ಮೇಲೆ. ಕುರುಚಲು ಕಾಡೆಂದು ತಾತ್ಸಾರ ಮಾಡುವ ಅದೇ ಗಿಡಗಂಟಿಗಳು ಹೊಸಪೇಟೆ, ಕಮಲಾಪುರಗಳ ಹೋಟೆಲುಗಳಿಗೆ ಇನ್ನೊಂದು ದಿನದ ಗಿರಾಕಿಯನ್ನು ಒದಗಿಸುತ್ತಿವೆ.

ಕಾನೂನಿನಲ್ಲಿದೆ, ಕಡತದಲ್ಲಿದೆ

ಮೇಲ್ಮಣ್ಣಿನ ರಕ್ಷಣೆ ಹೊಸ ಕಲ್ಪನೆಯೇನೂ ಅಲ್ಲ. ಗಣಿಯ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ಪ್ರತ್ಯೇಕವಾಗಿ ಶೇಖರಿಸಿ, ಪುನಶ್ಚೇತನಕ್ಕೆ ಬಳಸಬೇಕೆಂದು ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಾವಳಿಯು 1988ರಲ್ಲೇ ಹೇಳಿದೆ. 2017ರ ನಿಯಮಾವಳಿಯೂ ಅದನ್ನೇ ಹೇಳುತ್ತದೆ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಬಳ್ಳಾರಿಯ ಗಣಿಗಳು ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಗೆ ಬದ್ಧವಾಗಿಯೇ ಕೆಲಸ ನಡೆಸಬೇಕಾಯಿತು. ಸುತ್ತುಗಾಲುವೆ, ತಡೆಗೋಡೆ, ಚೆಕ್ ಡ್ಯಾಮ್, ಡಂಪ್‌ಗಳ ಮೇಲೆ ನಾರಿನ ಚಾಪೆ, ಇವೆಲ್ಲ ಅದರ ಫಲ. ಕೆಲವು ಗಣಿಗಳಲ್ಲಿ ಕಾಣುವ ಸುಧಾರಣೆಯನ್ನು ಒಪ್ಪಿಕೊಳ್ಳಬೇಕು.

ಆದರೂ ಎರಡು ದೋಷಗಳು ಉಳಿದಿವೆ. ಮೊದಲನೆಯದು, ಸಸಿ ಎಣಿಸುವ ಚಾಳಿ. ಎಷ್ಟು ಸಸಿ ನೆಟ್ಟರೆಂಬುದು ವರದಿಗೆ ಸೇರುತ್ತದೆ. ಐದನೆಯ ವರ್ಷ ಎಷ್ಟು ಉಳಿದವು, ಅದರ ಕೆಳಗೆ ಹುಲ್ಲು ಬಂತೆ, ಮಣ್ಣಿನಲ್ಲಿ ಸಾವಯವ ಇಂಗಾಲ ಹೆಚ್ಚಿತೆ ಎಂಬುದು ಸೇರುವುದಿಲ್ಲ. ತ್ಯಾಜ್ಯದ ಡಂಪ್ ಎಂದರೆ ಜೀವಾಂಶವಿಲ್ಲದ ಕಲ್ಲುಪುಡಿ. ಅದರ ಮೇಲೆ ನೇರವಾಗಿ ನೀಲಗಿರಿ, ಅಕೇಶಿಯಾ ನೆಟ್ಟರೆ ದೂರಕ್ಕೆ ಹಸಿರು ಕಾಣುತ್ತದೆ, ಬುಡದಲ್ಲಿ ಮಣ್ಣು ಹರಿಯುತ್ತಲೇ ಇರುತ್ತದೆ. ಹಸಿರೆಲ್ಲ ಕಾಡಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡವೊಂದು ಈ ಜಿಲ್ಲೆಯ ಹೆಸರನ್ನೇ ಹೊತ್ತು ಬಳ್ಳಾರಿ ಜಾಲಿಯಾಗಿದೆ. ಅದು ಹಬ್ಬಿದ ಜಾಗದಲ್ಲಿ ಸ್ಥಳೀಯ ಹುಲ್ಲು, ಗಿಡಗಳಿಗೆ ತಲೆಯೆತ್ತಲು ಎಡೆಯಿಲ್ಲ. ತೆಗೆದಿಟ್ಟ ಮೇಲ್ಮಣ್ಣಿಗೂ ಇದೇ ಗತಿ. ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಅದರೊಳಗಿನ ಬೀಜ ಮತ್ತು ಸೂಕ್ಷ್ಮಜೀವಿಗಳು ಸಾಯುತ್ತವೆ. ಕಾಗದದ ಮೇಲೆ ಮಣ್ಣು ಉಳಿದಿರುತ್ತದೆ, ಅದರ ಸತ್ವ ಉಳಿದಿರುವುದಿಲ್ಲ.

ಎರಡನೆಯ ದೋಷ ಬೆಲೆ ಕಟ್ಟುವ ಕ್ರಮದಲ್ಲಿದೆ. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವವರು ಅದರ ನಿವ್ವಳ ಪ್ರಸಕ್ತ ಮೌಲ್ಯ ತುಂಬಬೇಕು. 2008ರಲ್ಲಿ ನಿಗದಿಯಾದ ದರ ಹೆಕ್ಟೇರಿಗೆ 4.38 ಲಕ್ಷ ರೂಪಾಯಿಯಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ಅದನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಲಾಯಿತು. ಈ ಪಟ್ಟಿಯಲ್ಲಿ ಮಳೆಕಾಡಿಗೆ ಹೆಚ್ಚು, ಮುಳ್ಳುಗಾಡಿಗೆ ಕಡಿಮೆ. ಮರದ ದಟ್ಟಣೆಯನ್ನು ನೋಡಿದರೆ ಇದು ಸರಿಯೆನಿಸಬಹುದು. ಆದರೆ ಮಳೆ ಕಡಿಮೆ ಇರುವ ಸೀಮೆಯಲ್ಲಿ ನೀರು ಹಿಡಿಯುವ ಒಂದು ಹೆಕ್ಟೇರ್ ಕುರುಚಲು ಕಾಡು ಹೋದರೆ ಅದಕ್ಕೆ ಬದಲಿಯೇ ಇರುವುದಿಲ್ಲ. ಒಂದೇ ಬಾವಿಯಿರುವ ಊರಿನಲ್ಲಿ ಆ ಬಾವಿಯ ಬೆಲೆಯನ್ನು ಅದರ ಆಳದಿಂದ ಮಾತ್ರ ಅಳೆಯಲಾಗದು.

ಗಣಿ ಬೇಡವೆಂಬ ವಾದವಲ್ಲ

ತೋರಣಗಲ್ಲಿನ ಉಕ್ಕು ಕಾರ್ಖಾನೆಯಿಂದ ಹಿಡಿದು ಹೊಸಪೇಟೆಯ ಸಣ್ಣ ಫ್ಯಾಬ್ರಿಕೇಷನ್ ಘಟಕದವರೆಗೆ ಅದಿರನ್ನು ನಂಬಿದ ಕುಟುಂಬಗಳು ಅಸಂಖ್ಯ. ಗಣಿ ನಿಂತರೆ ಏನಾಗುತ್ತದೆಂಬುದು ಒಮ್ಮೆ ಅನುಭವಕ್ಕೆ ಬಂದಿದೆ. ಬಳ್ಳಾರಿಗೆ 2013ರಲ್ಲಿ ವರ್ಷಕ್ಕೆ 2.5 ಕೋಟಿ ಟನ್ ಇದ್ದ ಉತ್ಪಾದನಾ ಮಿತಿ 2022ರ ಆಗಸ್ಟ್‌ನಲ್ಲಿ 3.5 ಕೋಟಿ ಟನ್ನಿಗೆ ಏರಿರುವುದು ವಹಿವಾಟಿಗೆ ಚೇತರಿಕೆ ನೀಡಿದೆ. ಆದರೆ ಮಿತಿ ಏರಿದಷ್ಟೂ ಬೆಟ್ಟದ ಮೇಲಿನ ಹೊಣೆಯೂ ಏರಬೇಕು. ಹಳೆಯ ಗುಂಡಿಗಳಲ್ಲಿ, ಈಗಾಗಲೇ ಒಡೆದ ನೆಲದಲ್ಲಿ ಅದಿರು ತೆಗೆಯುವುದು ಒಂದು ಮಾತು. ಎಂದೂ ಗುದ್ದಲಿ ಬೀಳದ ಕಾಡನ್ನು ತೆರೆಯುವುದು ಬೇರೆಯೇ ಮಾತು. ಸ್ವಾಮಿಮಲೆ ಅರಣ್ಯದ ದೇವದಾರಿಯಲ್ಲಿ 400 ಹೆಕ್ಟೇರಿಗೂ ಹೆಚ್ಚು ಕಾಡನ್ನು ಗಣಿಗೆ ನೀಡುವ ವಿಷಯದಲ್ಲಿ 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಹಸ್ತಾಂತರ ಬೇಡವೆಂದು ಸೂಚಿಸಿದಾಗ ಎದ್ದ ಚರ್ಚೆಯ ತಿರುಳು ಇದೇ ಆಗಿತ್ತು.

ಅದಿರು ಒಮ್ಮೆ ತೆಗೆದರೆ ಮುಗಿಯುವ ಸರಕು. ಮಣ್ಣು, ಹುಲ್ಲು, ನೀರು ಪ್ರತಿ ವರ್ಷ ಬಡ್ಡಿ ಕೊಡುವ ಠೇವಣಿ. ಠೇವಣಿ ಮುರಿದು ಸರಕು ಕೊಳ್ಳುವ ಮುನ್ನ ಯಾವ ವರ್ತಕನಾದರೂ ಎರಡು ಬಾರಿ ಯೋಚಿಸುತ್ತಾನೆ.

ವಾಣಿಜ್ಯ ಸಂಸ್ಥೆಗಳು ಮಾಡಬಹುದಾದದ್ದು

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ನಾಲ್ಕು ಬೇಡಿಕೆಗಳನ್ನು ಮುಂದಿಡುವುದು ಉಚಿತ.

ಒಂದು, ಪ್ರತಿ ಗಣಿಯೂ ಅದಿರಿನ ದಾಸ್ತಾನು ಪುಸ್ತಕದಂತೆಯೇ ಮೇಲ್ಮಣ್ಣಿನ ದಾಸ್ತಾನು ಪುಸ್ತಕವನ್ನೂ ಇಡಬೇಕು. ಎಷ್ಟು ತೆಗೆಯಲಾಯಿತು, ಎಲ್ಲಿದೆ, ಎಷ್ಟು ಬಳಸಲಾಯಿತು, ಎಂದು ಬಳಸಲಾಯಿತು ಎಂಬುದು ವಾರ್ಷಿಕ ವರದಿಯಲ್ಲಿ ಪ್ರಕಟವಾಗಬೇಕು. ಪುನಶ್ಚೇತನದ ಬಾಧ್ಯತೆಗೆ ಲೆಕ್ಕಪತ್ರದಲ್ಲಿ ಅವಕಾಶ ಕಲ್ಪಿಸಬೇಕೆಂದು ಲೆಕ್ಕಪತ್ರ ಮಾನದಂಡಗಳು ಹೇಳುತ್ತಲೇ ಇವೆ. ಆ ಮೊತ್ತಕ್ಕೆ ಆಧಾರವಾಗಿ ಮಣ್ಣಿನ ಅಳತೆಯೂ ಇರಲಿ.

ಎರಡು, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾದ ನಿಧಿ ಸಣ್ಣದಲ್ಲ. ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮಕ್ಕಾಗಿ ರೂಪಿಸಿದ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಅದರ ಮೇಲ್ವಿಚಾರಣೆಗೆ ಸರ್ವೋಚ್ಚ ನ್ಯಾಯಾಲಯವೇ 2022ರಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತು. ರಸ್ತೆ, ಕಟ್ಟಡಗಳು ಅವಶ್ಯಕವೇ. ಆದರೆ ಬೆಟ್ಟದ ಹೆಸರಿನಲ್ಲಿ ಬಂದ ಹಣದಲ್ಲಿ ಬೆಟ್ಟದ ಮಣ್ಣಿಗೆ ನಿಶ್ಚಿತ ಪಾಲು ಮೀಸಲಾಗಬೇಕು.

ಮೂರು, ನೆಡುತೋಪಿನ ಬಿಲ್ಲನ್ನು ಒಂದೇ ಕಂತಿನಲ್ಲಿ ಪಾವತಿಸುವ ಪದ್ಧತಿ ನಿಲ್ಲಬೇಕು. ಮೂರನೆಯ ಮತ್ತು ಐದನೆಯ ವರ್ಷದಲ್ಲಿ ಉಳಿದ ಗಿಡ, ಹುಲ್ಲಿನ ಹೊದಿಕೆ ಪರಿಶೀಲಿಸಿ ಉಳಿದ ಹಣ ನೀಡಬೇಕು. ಸರಕು ತಲುಪಿದ ಮೇಲೆಯೇ ಪೂರ್ತಿ ಹಣ ಕೊಡುವುದು ಪೇಟೆಯ ಹಳೆಯ ನಿಯಮ.

ನಾಲ್ಕು, ಈ ಕೆಲಸವೇ ಸ್ಥಳೀಯ ಉದ್ಯಮವಾಗಬೇಕು. ದಿಂಡಿಗ, ಕಮರ, ಬಂದರಿಕೆಯ ಸಸಿ ಬೆಳೆಸುವ ನರ್ಸರಿ, ಸ್ಥಳೀಯ ಹುಲ್ಲಿನ ಬೀಜ ಸಂಗ್ರಹ, ನಾರಿನ ಚಾಪೆ, ಕಲ್ಲು ತುಂಬುವ ತಂತಿಬಲೆ, ಸಾವಯವ ಗೊಬ್ಬರ, ಇವೆಲ್ಲಕ್ಕೂ ಮಾರುಕಟ್ಟೆಯಿದೆ. ಟೆಂಡರಿನಲ್ಲಿ ಸ್ಥಳೀಯ ಜಾತಿ, ಸ್ಥಳೀಯ ಪೂರೈಕೆ ಎಂಬ ಷರತ್ತು ಸೇರಿದರೆ ಸಂಡೂರು, ಕಂಪ್ಲಿಯ ಸಣ್ಣ ಘಟಕಗಳಿಗೂ ಸ್ತ್ರೀಶಕ್ತಿ ಸಂಘಗಳಿಗೂ ವರ್ಷವಿಡೀ ಕೆಲಸ ಸಿಗುತ್ತದೆ. ಕಂಪನಿ ಕಾಯ್ದೆ 2013ರ ಏಳನೆಯ ಅನುಸೂಚಿಯಲ್ಲಿ ಮಣ್ಣಿನ ಗುಣಮಟ್ಟದ ರಕ್ಷಣೆಯೂ ಸಾಮಾಜಿಕ ಹೊಣೆಗಾರಿಕೆಯ ಚಟುವಟಿಕೆಯಾಗಿ ಸೇರಿರುವುದನ್ನು ದೊಡ್ಡ ಕಂಪನಿಗಳಿಗೆ ನೆನಪಿಸಬೇಕು.

ಅದಿರು ಎಂದಾದರೊಂದು ದಿನ ಮುಗಿಯುತ್ತದೆ. ಅದು ಮುಗಿದ ನಂತರವೂ ಹೊಸಪೇಟೆಯ ಅಂಗಡಿಗಳು ಬೆಳಿಗ್ಗೆ ಬಾಗಿಲು ತೆರೆಯಬೇಕು, ಕಂಪ್ಲಿಯ ಗಿರಣಿಗಳು ತಿರುಗಬೇಕು, ಹಂಪಿಗೆ ಜನ ಬರಬೇಕು. ಅಂದಿನ ವ್ಯಾಪಾರಕ್ಕೆ ಉಳಿಯುವ ಬಂಡವಾಳ ಬೆಟ್ಟದ ಮೇಲಿನ ಆ ಗೇಣು ಮಣ್ಣು. ಅದಕ್ಕೊಂದು ಖಾತೆ ತೆರೆಯುವ ಕೆಲಸ ಈ ಆರ್ಥಿಕ ವರ್ಷದಲ್ಲೇ ಆರಂಭವಾಗಲಿ.