ಕೈ ಕೊಡಬೇಡಿ, ಕೈ ಜೋಡಿಸಿ

ಪ್ಲೇಸ್‌ಮೆಂಟ್ ತರಬೇತಿಯಲ್ಲಿ ನಮಗೆಲ್ಲ ಕೆಲವು ರೆಡಿಮೇಡ್ ಮಾತುಗಳು ಸಿಗುತ್ತವೆ. ‘ಲೆಂಡ್ ಎ ಹ್ಯಾಂಡ್’, ‘ಗೋ ದಿ ಎಕ್ಸ್‌ಟ್ರಾ ಮೈಲ್’, ‘ಐ ಹ್ಯಾವ್ ಗಾಟ್ ಯುವರ್ ಬ್ಯಾಕ್’. ಟೀಮ್‌ವರ್ಕ್ ಬಗ್ಗೆ ಪ್ರಶ್ನೆ ಬಂದ್ರೆ ಇವುಗಳಲ್ಲೊಂದನ್ನು ಎಸೆದರಾಯ್ತು. ಕಲಿಯೋದು ತಪ್ಪಲ್ಲ. ಆದರೆ ಬಾಯಿಪಾಠ ಮಾಡಿದ ನುಡಿಗಟ್ಟಿನ ತೂಕ ನಮಗೆ ಗೊತ್ತಾಗಲ್ಲ ಅನ್ನೋದು ನನ್ನ ತಕರಾರು.

‘ಎಕ್ಸ್‌ಟ್ರಾ ಮೈಲ್’ ಬಂದಿದ್ದು ಬೈಬಲ್ಲಿನ ಮತ್ತಾಯನ ಸುವಾರ್ತೆಯಿಂದ. ರೋಮನ್ ಸೈನಿಕ ದಾರಿಹೋಕನನ್ನು ಹಿಡಿದು ಒಂದು ಮೈಲಿ ಬಿಟ್ಟಿ ಹೊರೆ ಹೊರಿಸಬಹುದಿದ್ದ ಕಾಲ. ಒಂದು ಮೈಲಿಗೆ ಕರೆದರೆ ಎರಡು ಮೈಲಿ ನಡೆ ಅಂದ ಯೇಸು. ಆ ಮಾತಿನೊಳಗೆ ನಿಜವಾದ ಹೊರೆ ಇತ್ತು. ನಾವು ಅದನ್ನು ರೆಸ್ಯೂಮೆಗೆ ಅಂಟಿಸಿಕೊಂಡಿದ್ದೇವೆ.

ಇವನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ಇನ್ನೂ ಮಜಾ. ‘ಲೆಂಡ್ ಎ ಹ್ಯಾಂಡ್’ ಕೈಸಾಲ ಆಗಿಬಿಡುತ್ತೆ. ‘ಗಿವ್ ಎ ಹ್ಯಾಂಡ್’ ಅಂದ್ರೆ ಕೈ ಕೊಡೋದು! ನಮ್ಮಲ್ಲಿ ಕೈ ಕೊಡೋದು ಅರ್ಧ ದಾರಿಯಲ್ಲಿ ನಿಂತ ಬೈಕು, ಡೆಮೊ ದಿನ ಓಡದ ಪ್ರಾಜೆಕ್ಟು. ಸಹಾಯಕ್ಕೆ ನಾವು ಕೈ ಜೋಡಿಸ್ತೀವಿ, ಹೆಗಲು ಕೊಡ್ತೀವಿ, ಬೆನ್ನಿಗೆ ನಿಲ್ತೀವಿ. ಗದ್ದೆ ನಾಟಿಗೆ ಮುಯ್ಯಾಳು ಹೋಗುವ ಪದ್ಧತಿಯಿತ್ತು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಉಪಕಾರ ಮಾಡಿದವ ಮೇಲಲ್ಲ, ಪಡೆದವ ಕೆಳಗಲ್ಲ.

ಹಾಗಂತ ಕನ್ನಡವೇ ಮೇಲು ಅಂತಲ್ಲ. ನಮ್ಮ ಹೆಗಲು ಹೆಚ್ಚಾಗಿ ಹೊರೋದಕ್ಕೆ. ತಲೆಯಿಟ್ಟು ಅಳೋಕೂ ಹೆಗಲು ಬೇಕು ಅಂತ ಇಂಗ್ಲಿಷ್‌ನ ‘ಶೋಲ್ಡರ್ ಟು ಕ್ರೈ ಆನ್’ ನೆನಪಿಸುತ್ತೆ. ಹಾಸ್ಟೆಲ್‌ನಲ್ಲಿ ಅದೂ ಬೇಕಾಗುತ್ತೆ.

ಆದರೆ ಯಾವ ಭಾಷೆಯ ಮಾತಾದರೂ ಪರೀಕ್ಷೆಗೆ ನಿಲ್ಲೋದು ಕಷ್ಟ ಬಂದಾಗ. ಕೊಡಗಿನ ನೆಲ್ಯಹುದಿಕೇರಿ ನೋಡಿ. ಕಾವೇರಿ ದಡದ ಊರು. 2019ರ ಆಗಸ್ಟ್ ಪ್ರವಾಹದಲ್ಲಿ ಕುಂಬಾರಗುಂಡಿ, ಬೆಟ್ಟದಕಾಡು ಕಡೆ ದಡದ ಮನೆಗಳು ನೀರುಪಾಲಾದವು. ಇಂಥ ಹೊತ್ತಿನಲ್ಲಿ ನಮ್ಮ ಸ್ಟೇಟಸ್‌ಗಳಲ್ಲಿ ‘ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ’ ಅನ್ನೋ ಧಾಟಿಯ ಮಾತುಗಳು ಹರಿದಾಡುತ್ತವೆ. ಇದೂ ಇಂಗ್ಲಿಷ್‌ನಿಂದ ಬಂದಿದ್ದೇ. ಮನೆ ಕಳೆದುಕೊಂಡವರು, ಒಣ ನೆಲದ ಮೇಲೆ ಫೋನ್ ಹಿಡಿದು ಕೂತ ನಾವು, ಒಂದೇ ದೋಣಿಯಲ್ಲಿ ಇರ್ತೀವಾ?

ಅದರ ಪಕ್ಕ ‘ಗಂಜಿ ಕೇಂದ್ರ’ ಅನ್ನೋ ಪದ ಇಟ್ಟು ನೋಡಿ. ಈಗ ಸರ್ಕಾರಿ ಭಾಷೆಯಲ್ಲಿ ಅದು ‘ಕಾಳಜಿ ಕೇಂದ್ರ’. ಕೇಳೋಕೆ ಮರ್ಯಾದೆಯ ಹೆಸರು, ಒಪ್ಪೋಣ. ಆದರೆ ಹಳೇ ಪದ ಬಾಗಿಲಲ್ಲೇ ಹೇಳಿಬಿಡ್ತಿತ್ತು: ಒಳಗೆ ಬನ್ನಿ, ಗಂಜಿ ಇದೆ. ಇನ್ನೊಂದು ಮಾತು: ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತೆ. ನೀರು ಇಳಿದ ಮೇಲೂ ನೆಲ್ಯಹುದಿಕೇರಿಯ ಸಂತ್ರಸ್ತರಿಗೆ ಬೇಕಾಗಿದ್ದು ನಿವೇಶನ, ಸೂರು, ದಾಖಲೆ. ಅದಕ್ಕೆ ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವವರು ಬೇಕು.

ಕ್ಯಾಂಪಸ್‌ನಲ್ಲೂ ಅಷ್ಟೇ. ಊರಲ್ಲಿ ಮನೆಗೆ ನೀರು ನುಗ್ಗಿದ ಕ್ಲಾಸ್‌ಮೇಟ್‌ಗೆ, ಬ್ಯಾಕ್‌ಲಾಗ್ ಉಳಿಸಿಕೊಂಡ ಜೂನಿಯರ್‌ಗೆ ನಾವು ಹೇಳೋದು ‘ಲೆಟ್ ಮಿ ನೋ ಇಫ್ ಯು ನೀಡ್ ಎನಿಥಿಂಗ್’. ಕೇಳೋ ಕೆಲಸವನ್ನೂ ಕಷ್ಟದಲ್ಲಿರೋನ ತಲೆಗೇ ಕಟ್ಟಿದ ಹಾಗಾಯ್ತು. ಕನ್ನಡ ಮಾಧ್ಯಮದಿಂದ ಬಂದ ಹುಡುಗನೋ ಹುಡುಗಿಯೋ ಆಗಿದ್ರೆ, ಅದೇ ಇಂಗ್ಲಿಷ್‌ನಲ್ಲಿ ಹೇಗೆ ಕೇಳೋದು ಅಂತ ಸುಮ್ಮನಾಗಿಬಿಡ್ತಾರೆ.

ಬದಲಿಗೆ ಹೀಗೆ ಹೇಳಬಹುದಲ್ಲ: ‘ಎಂ-ತ್ರೀ ನೋಟ್ಸ್ ನಾನು ಜೆರಾಕ್ಸ್ ಮಾಡಿಸಿ ಇಟ್ಟಿರ್ತೀನಿ.’ ‘ಸಂಜೆ ಆರಕ್ಕೆ ರೂಮಿಗೆ ಬಾ, ಎರಡು ಮಾಡ್ಯೂಲ್ ಹೇಳಿಕೊಡ್ತೀನಿ.’ ‘ಈ ತಿಂಗಳ ಮೆಸ್ ಬಿಲ್ ನಾವು ನಾಲ್ಕು ಜನ ಹಂಚಿಕೊಳ್ತೀವಿ.’ ಇದರಲ್ಲಿ ಒಂದೂ ನುಡಿಗಟ್ಟಿಲ್ಲ, ಇಂಟರ್‌ವ್ಯೂನಲ್ಲಿ ಮಾರ್ಕ್ಸೂ ಬರಲ್ಲ.

ಆಪತ್ತಿಗಾದವನೇ ನೆಂಟ ಅಂತಾರೆ ಹಿರಿಯರು. ಆಗೋದು ಮುಖ್ಯ, ಆಮೇಲೆ ಯಾವ ಭಾಷೆಯಲ್ಲಿ ಬೇಕಾದ್ರೂ ಹೇಳಿಕೊಳ್ಳಿ.