ಚಪ್ಪಲಿ ಅನ್ನೋ ಬ್ರೆಡ್ಡು

ಹೈದರಾಬಾದಿಗೆ ಹೋದರೆ ಇಟಾಲಿಯನ್ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಕೂತು ಸ್ಟೇಟಸ್ ಹಾಕೋದು ಈಗ ನಮ್ಮ ಕ್ಯಾಂಪಸ್ಸಿನ ರೂಢಿ. ಹುಮನಾಬಾದಿನಲ್ಲಿ ಬಸ್ ಹತ್ತಿದರೆ ಎನ್‌ಎಚ್ 65 ನೇರ ಅಲ್ಲಿಗೇ ಒಯ್ಯುತ್ತದೆ. ನಾವು ನಾಲ್ವರೂ ಹೋಗಿ ತಿಂದು ಬಂದಿದ್ದೇವೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳೋದು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ನಡುವೆ ಚೀಸು, ಟೊಮೆಟೊ. ಬೆಲೆ ಮುನ್ನೂರು ಚಿಲ್ಲರೆ. ಯಾರೂ ಚೌಕಾಸಿ ಮಾಡಲಿಲ್ಲ.

ಆ ಮೆನುವಿನ ಹೆಸರುಗಳನ್ನು ಆಮೇಲೆ ಹುಡುಕಿ ನೋಡಿದೆವು. 'ಪಾನಿನೊ' ಅಂದ್ರೆ ಪುಟ್ಟ ಬ್ರೆಡ್, 'ಪಾನಿನಿ' ಅದರ ಬಹುವಚನ. ಅಂದ್ರೆ ನಾವು ಕೌಂಟರಿನಲ್ಲಿ ಗತ್ತಿನಿಂದ ಕೇಳಿದ್ದು "ಒಂದು ಬ್ರೆಡ್ಡುಗಳು ಕೊಡಿ" ಅಂತ. ಅದಿರಲಿ, ಮಜಾ ಇರೋದು 'ಚಬಾಟಾ'ದಲ್ಲಿ. ಇಟಾಲಿಯನ್ನಿನಲ್ಲಿ ಹಾಗಂದ್ರೆ ಚಪ್ಪಲಿ! ಉದ್ದಕ್ಕೆ, ಚಪ್ಪಟೆಯಾಗಿರೋ ಆಕಾರಕ್ಕೆ ಆ ಹೆಸರು. ತುಂಬಾ ಪುರಾತನವೂ ಅಲ್ಲ, ನಮ್ಮ ಅಪ್ಪಂದಿರಿಗಿಂತ ಚಿಕ್ಕದು. 1982ರಲ್ಲಿ ಆಡ್ರಿಯಾ ಎಂಬ ಊರಿನ ಅರ್ನಾಲ್ಡೊ ಕವಲ್ಲಾರಿ ಇದನ್ನು ತಯಾರು ಮಾಡಿದ. ಇಟಲಿಯಲ್ಲಿ ಫ್ರಾನ್ಸಿನ ಬಗೆಟ್ ಬ್ರೆಡ್ಡಿನ ಹಾವಳಿ ಹೆಚ್ಚಾಗಿತ್ತು, ಅದಕ್ಕೆ ಎದುರಾಗಿ ನಿಲ್ಲೋಕೆ. ಹಿಟ್ಟಿಗೆ ನೀರು ಜಾಸ್ತಿ ಹಾಕಿದ, ಒಳಗೆ ದೊಡ್ಡ ದೊಡ್ಡ ತೂತು ಬಂತು. ಹೆಸರು ಮಾತ್ರ ಚಪ್ಪಲಿ. ಜಗತ್ತೇ ನಾಲಿಗೆ ತಿರುಚಿ ಆ ಹೆಸರು ಕಲಿತಿತು.

ಈಗ ನಮ್ಮ ವಿಷಯ. ಫೆಸ್ಟಿಗೆ ಫುಡ್ ಸ್ಟಾಲ್ ಹಾಕೋ ಚರ್ಚೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಇಡೋಣ ಅಂದ್ವಿ. ಬಂದ ಉತ್ತರ: "ಇಡೋಣ, ಆದ್ರೆ ಹೆಸರು ಮಿಲೆಟ್ ರ‍್ಯಾಪ್ ಅಂತಿರ್ಲಿ." ಇದಕ್ಕೆ ನಾವು ಒಪ್ಪಲ್ಲ. ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ಹೊಲಕ್ಕೆ ಬುತ್ತಿ ಒಯ್ದವರು ನಮ್ಮ ಮನೆಗಳಲ್ಲೇ ಇದ್ದಾರೆ, ಅವರಿಗೆ ರ‍್ಯಾಪ್ ಅನ್ನೋ ಪದ ಬೇಕಾಗಿರಲಿಲ್ಲ. ನವೆಂಬರ್ 1ರಂದು ಪಂಚೆ ಉಟ್ಟಾಗ ಮಾತ್ರ ಅದನ್ನು ರೊಟ್ಟಿ ಅನ್ನೋದು, ಉಳಿದ ದಿನ ರ‍್ಯಾಪ್ ಅನ್ನೋದು ಯಾವ ಸೀಮೆಯ ಅಭಿಮಾನ?

ಇನ್ನೊಂದು ಆಕ್ಷೇಪ ಬೆಲೆಯದು. "ಪಲ್ಯ, ಹಿಂಡಿ ಜೊತೆ ಎರಡು ರೊಟ್ಟಿಗೆ ಎಂಬತ್ತು ರೂಪಾಯಿ ಯಾರು ಕೊಡ್ತಾರೆ? ಮನೇಲಿ ಪುಕ್ಕಟೆ ಸಿಗತ್ತೆ." ಮನೇಲಿ ಪುಕ್ಕಟೆ ಯಾಕಂದ್ರೆ ಅವ್ವನಿಗೆ ಯಾರೂ ಪಗಾರ ಕೊಡಲ್ಲ. ಕೆಲಸ ಸುಲಭದ್ದೂ ಅಲ್ಲ. ಗೋಧಿಯಲ್ಲಿರೋ ಗ್ಲುಟನ್ ಜೋಳದಲ್ಲಿಲ್ಲ, ಹಾಗಾಗಿ ಹಿಟ್ಟು ಎಳೆದರೆ ಹಿಗ್ಗಲ್ಲ, ಹರಿಯತ್ತೆ. ಅದಕ್ಕೇ ಕುದಿಯೋ ನೀರು ಹಾಕಿ, ಪಿಷ್ಟ ಅಂಟಾಗೋ ಹಾಗೆ ಮಾಡಿ, ಬಿಸಿ ಇರುವಾಗಲೇ ನಾದಿ, ಕೈಯಿಂದ ಬಡೀಬೇಕು. ಮಟೀರಿಯಲ್ಸ್ ಓದೋ ನಾವು ನಾಲ್ವರೂ ಒಂದು ರೊಟ್ಟಿಯನ್ನೂ ದುಂಡಗೆ ಬಡಿಯಲಾರೆವು. ಪಕ್ಕದ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು 'ಕಲಬುರಗಿ ರೊಟ್ಟಿ' ಅಂತ ಹೆಸರು ಹಾಕಿಯೇ ಮಾರುತ್ತಿದ್ದಾರೆ. ಇಲ್ಲಿ ಬಸವಕಲ್ಯಾಣದಲ್ಲಿ 108 ಅಡಿ ಬಸವಣ್ಣನ ಮೂರ್ತಿ ಕೆಳಗೆ ನಿಂತು ಕಾಯಕದ ಮೇಲೆ ಭಾಷಣ ಮಾಡೋ ನಾವು ರೊಟ್ಟಿ ಬಡಿಯೋ ಕೈಗೆ ಮಾತ್ರ ಚೌಕಾಸಿ ಮಾಡ್ತೀವಿ.

ನಮ್ಮ ಬೇಡಿಕೆ ಇಷ್ಟೇ. ಸ್ಟಾಲಿನ ಬೋರ್ಡಿನ ಮೇಲೆ ಜೋಳದ ರೊಟ್ಟಿ, ಪುಂಡಿ ಪಲ್ಯ ಅಂತಲೇ ಬರೀರಿ, ಕನ್ನಡದಲ್ಲಿ, ದೊಡ್ಡಕ್ಕೆ. ಬಡಿಯೋಕೆ ಊರಿನ ಅಕ್ಕಂದಿರನ್ನು ಕರೆದು ಸರಿಯಾದ ಕೂಲಿ ಕೊಡಿ. ಸ್ಯಾಂಡ್‌ವಿಚ್ ಸ್ಟಾಲೂ ಪಕ್ಕದಲ್ಲೇ ಇರಲಿ, ನಾವೇ ಮೊದಲು ಕ್ಯೂ ನಿಲ್ತೀವಿ.